ಬ್ಯಾಟರಿ ಗಾಡಿ ನಿಂತಿತೇ? ಹೊಸದು ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ

ಬಿಸಿಲು ಏರಿತೆಂದರೆ ವಿಜಯಪುರದಲ್ಲಿ ಮಧ್ಯಾಹ್ನ ಹೊರಗೆ ಬರುವವರೇ ಕಡಿಮೆ. ಬ್ಯಾಟರಿ ಗಾಡಿಯಲ್ಲಿ ಓಡಾಡುವ ಹಿರಿಯರು, ಕಾಲಿನ ತೊಂದರೆ ಇರುವವರು ಮಾರ್ಚ್‌ನಿಂದ ಮೇ ತನಕ ಮನೆಯಲ್ಲಿ ಉಳಿಯುವುದೇ ಜಾಸ್ತಿ. ಗಾಡಿ ತಗಡಿನ ಶೆಡ್ಡಿನಲ್ಲಿ ನಿಲ್ಲುತ್ತದೆ. ಚಾರ್ಜಿಗೆ ಹಚ್ಚುವುದು ಯಾರಿಗೂ ನೆನಪಾಗುವುದಿಲ್ಲ. ಜೂನ್‌ನಲ್ಲಿ ಒಂದೆರಡು ಮಳೆ ಬಿದ್ದು ತಂಪಾದ ಮೇಲೆ ಗಾಡಿ ಹೊರತೆಗೆದರೆ ಅದು ಓಣಿಯ ತುದಿಯನ್ನೂ ಮುಟ್ಟುವುದಿಲ್ಲ.

ಆಗ ಒಬ್ಬರು 'ಬ್ಯಾಟ್ರಿ ಹೋಗ್ಯಾವ್ರಿ, ಹೊಸಾವು ಹಾಕ್ಸಿಬಿಡ್ರಿ' ಅನ್ನುತ್ತಾರೆ. ಇನ್ನೊಬ್ಬರು 'ಒಂದ್ ರಾತ್ರಿ ಚಾರ್ಜಿಗೆ ಹಚ್ರಿ, ಸರಿ ಹೋಗ್ತಾವ' ಅನ್ನುತ್ತಾರೆ. ಎರಡೂ ಬರೀ ಅಂದಾಜು. ಅಂದಾಜಿನ ಮೇಲೆ ದುಡ್ಡು ಹಾಕುವುದು ಒಂದು ತಪ್ಪಾದರೆ, ಅಂದಾಜಿನ ಮೇಲೆ ರಸ್ತೆಗೆ ಇಳಿಯುವುದು ಇನ್ನೂ ದೊಡ್ಡ ತಪ್ಪು. ಗಾಂಧಿ ಚೌಕದ ಗದ್ದಲದಲ್ಲಿ ಗಾಡಿ ನಿಂತರೆ ಇಳಿದು ತಳ್ಳಿಕೊಂಡು ಹೋಗಲು ಅದರಲ್ಲಿ ಕೂತವರಿಗೆ ಆಗುವುದಿಲ್ಲ. ಅದಕ್ಕೇ ಪರೀಕ್ಷೆ ಮೊದಲು, ಖರ್ಚು ಆಮೇಲೆ.

ಗಾಡಿ ಸರ್ಕಾರದ ಯೋಜನೆಯಲ್ಲಿ ಬಂದದ್ದಾದರೆ ಮೊದಲು ವಾರಂಟಿ ಕಾಗದ ನೋಡಿ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ, ಇಂಥ ಸಾಧನ ತಯಾರಿಸುವ ಸರ್ಕಾರಿ ಸಂಸ್ಥೆ ಅಲಿಮ್ಕೋದ ಬ್ಯಾಟರಿ ತ್ರಿಚಕ್ರ ಗಾಡಿಗಳನ್ನು ಕೊಡುತ್ತಾರೆ. ವಾರಂಟಿ ಇನ್ನೂ ಇದ್ದರೆ ಸೀಟು ಬಿಚ್ಚಬೇಡಿ. ಎಲ್ಲಿ ಕೇಳಬೇಕು ಎಂದು ಗೊತ್ತಿಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿ.ಆರ್.ಡಬ್ಲ್ಯೂ) ವಿಚಾರಿಸಿ. ನಗರದಲ್ಲಿದ್ದರೆ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ.

ಒಳಗೆ ಏನಿದೆ?

ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ನ ಎರಡು ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಇರುತ್ತವೆ. ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿ ಒಟ್ಟು 24 ವೋಲ್ಟ್ ಆಗುತ್ತದೆ. ಒಂದೊಂದರಲ್ಲೂ ಆರು ಸೆಲ್. ಒಂದು ಸೆಲ್‌ಗೆ 2.1 ವೋಲ್ಟ್ ಎಂದು ಹಿಡಿಯಿರಿ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಆಮೇಲೆ ಕರೆಂಟ್ ಒಳಗೆ ಹೋಗುವುದೇ ಕಷ್ಟ. ಮನೆಯಲ್ಲಿ ನಿಂತ ಗಾಡಿಯ ಬ್ಯಾಟರಿ ಹಾಳಾಗುವುದು ಹೆಚ್ಚಾಗಿ ಹೀಗೆ, ಓಡಿಸಿದ್ದರಿಂದ ಅಲ್ಲ. ಸೆಖೆ ಇದನ್ನು ಇನ್ನೂ ಜೋರು ಮಾಡುತ್ತದೆ. 25 ಡಿಗ್ರಿ ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ಮಾಮೂಲು. ತಗಡಿನ ಕೆಳಗೆ ಅದಕ್ಕಿಂತ ಜಾಸ್ತಿ.

ಪರೀಕ್ಷೆ ಮಾಡುವುದು ಹೇಗೆ?

ಮೊದಲು ಚಾರ್ಜರಿನ ದೀಪ ನೋಡಿ. ಹಚ್ಚಿದ ಅರ್ಧ ಗಂಟೆಯೊಳಗೆ ಹಸಿರು ಬಂದು, ಗಾಡಿ ಮಾತ್ರ ಸ್ವಲ್ಪ ದೂರಕ್ಕೇ ಸುಸ್ತಾದರೆ ಬ್ಯಾಟರಿಯಲ್ಲಿ ಹಿಡಿಯುವ ಜಾಗವೇ ಉಳಿದಿಲ್ಲ ಎಂದರ್ಥ. ಹದಿನಾಲ್ಕು ಗಂಟೆಯಾದರೂ ಹಸಿರು ಬಾರದೆ ಬ್ಯಾಟರಿ ಬಿಸಿಯಾದರೆ ಒಂದು ಸೆಲ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಕೂಡಲೇ ತೆಗೆಯಿರಿ. ದೀಪವೇ ಹತ್ತದಿದ್ದರೆ ಬ್ಯಾಟರಿಯನ್ನೇ ದೂರಬೇಡಿ. ಫ್ಯೂಸ್, ಪ್ಲಗ್, ಚಾರ್ಜರ್ ಮೂರನ್ನೂ ನೋಡಿ. ಎಷ್ಟೋ ಚಾರ್ಜರ್‌ಗಳು ಬ್ಯಾಟರಿಯಲ್ಲಿ ಸ್ವಲ್ಪವಾದರೂ ವೋಲ್ಟ್ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ.

ಈಗ ಮೀಟರ್, ಅಂದರೆ ವೋಲ್ಟ್ ಅಳೆಯುವ ಮಲ್ಟಿಮೀಟರ್. ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಒಂದು ರಾತ್ರಿ ಗಾಡಿಯನ್ನು ಸುಮ್ನೆ ಬಿಡಿ. ಚಾರ್ಜ್ ಮಾಡಿದ ಕೂಡಲೇ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ. ಮುಂಜಾನೆ ಎರಡೂ ಬ್ಯಾಟರಿಯನ್ನು ಬೇರೆ ಬೇರೆಯಾಗಿ ಅಳೆಯಿರಿ. 12.7 ವೋಲ್ಟಿಗಿಂತ ಮೇಲಿದ್ದರೆ ಚಾರ್ಜ್ ಉಳಿದುಕೊಂಡಿದೆ. 12.2ರ ಹತ್ತಿರ ಇದ್ದರೆ ಸುಮಾರು ಅರ್ಧ. 10.5ರ ಹತ್ತಿರ ಬಂದು ನಿಂತಿದ್ದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಆರು ಸೆಲ್ಲಿನ 12.6ರಲ್ಲಿ ಒಂದು ಸೆಲ್ಲಿನ 2.1 ಕಳೆದರೆ 10.5. ಅಂದರೆ ಐದು ಸೆಲ್ ಇವೆ, ಒಂದು ಸತ್ತಿದೆ. ಆ ಬ್ಯಾಟರಿಗೆ ಯಾವ ಉಪಚಾರವೂ ಇಲ್ಲ.

ವೋಲ್ಟ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಎಂದಲ್ಲ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಭಾರ ಹಾಕಿ, ಅಂದರೆ ಅದರಿಂದ ಕರೆಂಟ್ ಎಳೆಸಿ, ನೋಡಲೇಬೇಕು. ಕಾರಿನ 12 ವೋಲ್ಟ್, 60/55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಯಾವ ಆಟೊಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಒಂದು ಫಿಲಮೆಂಟ್‌ಗೆ ದಪ್ಪ ವೈರ್ ಸೇರಿಸಿ. ಬಲ್ಬ್ ಸಿಕ್ಕಾಪಟ್ಟೆ ಕಾಯುತ್ತದೆ, ಆದ್ದರಿಂದ ಕಲ್ಲಿನ ಮೇಲೆ ಇಡಿ. ಬ್ಯಾಟರಿಯನ್ನು ಗಾಡಿಯ ವೈರಿನಿಂದ ಬೇರೆ ಮಾಡಿ, ಒಂದೊಂದಕ್ಕೇ ಬಲ್ಬ್ ಹಚ್ಚಿ ಗಡಿಯಾರ ನೋಡಿಕೊಳ್ಳಿ. ಬಲ್ಬ್ ಸುಮಾರು 5 ಆಂಪಿಯರ್ ಎಳೆಯುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ವೋಲ್ಟ್ ಬರೆದುಕೊಳ್ಳಿ. 10.5ಕ್ಕೆ ಇಳಿದ ತಕ್ಷಣ ತೆಗೆಯಿರಿ.

ಆಂಪಿಯರ್ ಅವರ್ ಎಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ. 20 ಆಂಪಿಯರ್ ಅವರ್‌ನ ಒಳ್ಳೆಯ ಬ್ಯಾಟರಿ ಈ ಬಲ್ಬನ್ನು ಮೂರು ಗಂಟೆ ಉರಿಸಬೇಕು. 12 ಆಂಪಿಯರ್ ಅವರ್‌ನದು ಎರಡು ಗಂಟೆಯ ಹತ್ತಿರ. ಇದರ ಅರ್ಧಕ್ಕೂ ಬಾರದಿದ್ದರೆ ಆ ಬ್ಯಾಟರಿಯನ್ನು ನಂಬಿ ಆಸ್ಪತ್ರೆಗೋ ಬ್ಯಾಂಕಿಗೋ ಹೊರಡುವುದು ಬೇಡ. ಒಂದು ಬ್ಯಾಟರಿ ಮೂರು ಗಂಟೆ, ಇನ್ನೊಂದು ಬ್ಯಾಟರಿ ಒಂದೇ ಗಂಟೆ ಬಂದರೆ ಗಾಡಿ ಓಡುವುದು ಆ ಒಂದು ಗಂಟೆಯ ಲೆಕ್ಕದಲ್ಲೇ. ಪರೀಕ್ಷೆ ಮುಗಿದ ಮೇಲೆ ಎರಡನ್ನೂ ಅಂದೇ ಚಾರ್ಜಿಗೆ ಹಚ್ಚಿ.

ಉಳಿಸಿಕೊಳ್ಳಬಹುದೇ?

ಕೆಲವನ್ನು ಉಳಿಸಬಹುದು. ಎರಡು ವರ್ಷದೊಳಗಿನ ಬ್ಯಾಟರಿ, ಒಂದೆರಡು ತಿಂಗಳು ಮಾತ್ರ ಖಾಲಿ ಬಿದ್ದಿದೆ, ಮೈ ಉಬ್ಬಿಲ್ಲ, ಬಿರುಕಿಲ್ಲ, ಎಲ್ಲೂ ಸೋರಿಲ್ಲ ಎಂದರೆ ಪ್ರಯತ್ನ ಮಾಡಿ. ಉಬ್ಬಿದ ಬ್ಯಾಟರಿಗೆ ಮಾತ್ರ ಕೈ ಹಚ್ಚಲೇಬೇಡಿ.

ಗಟ್ಟಿಯಾದ ಹರಳು ಒಮ್ಮೆಲೇ ಕರಗುವುದಿಲ್ಲ. ಕಡಿಮೆ ಕರೆಂಟ್, ಹೆಚ್ಚು ಹೊತ್ತು ಬೇಕು. ಎರಡನ್ನೂ ಬೇರೆ ಮಾಡಿ, 12 ವೋಲ್ಟ್‌ನ ಸ್ಮಾರ್ಟ್ ಚಾರ್ಜರ್‌ನಿಂದ ಒಂದೊಂದನ್ನೇ ಚಾರ್ಜ್ ಮಾಡಿ. ರಿಕವರಿ ಮೋಡ್ (ಸೊರಗಿದ ಬ್ಯಾಟರಿಯನ್ನು ಎಬ್ಬಿಸುವ ವ್ಯವಸ್ಥೆ) ಇರುವ ಚಾರ್ಜರ್ ಆದರೆ ಒಳ್ಳೆಯದು. ಅದು ಇಲ್ಲದಿದ್ದರೆ ಪರಿಚಯದ ಬ್ಯಾಟರಿ ಅಂಗಡಿಗೆ ಒಯ್ಯಿರಿ. 'ಒಂದು ಆಂಪಿಯರ್‌ನಲ್ಲಿ ಇಡಿ, 14.4 ವೋಲ್ಟ್ ದಾಟಿಸಬೇಡಿ, ಒಂದು ದಿನ ಬಿಡಿ' ಎಂದು ಬಿಡಿಸಿ ಹೇಳಿ. ಲಾರಿ, ಟ್ರ್ಯಾಕ್ಟರ್ ಬ್ಯಾಟರಿಗಳ ಸಾಲಿನಲ್ಲಿ ಸೇರಿಸಿ ದೊಡ್ಡ ಕರೆಂಟ್ ಕೊಟ್ಟರೆ ಈ ಚಿಕ್ಕ ಬ್ಯಾಟರಿ ಒಳಗೇ ಒಣಗಿ ಹೋಗುತ್ತದೆ.

ಶುರುವಿನಲ್ಲಿ ವೋಲ್ಟ್ ಮೇಲೆ ಹಾರುತ್ತದೆ, ಕರೆಂಟ್ ಒಳಗೆ ಹೋಗುವುದಿಲ್ಲ. ಹೆದರಬೇಡಿ. ಕೆಲವು ಗಂಟೆ ಕಳೆದಂತೆ ನಿಧಾನವಾಗಿ ತೆಗೆದುಕೊಳ್ಳಲು ಶುರು ಮಾಡುತ್ತದೆ. ಒಂದು ದಿನ ನೋಡಿ, ಬೇಕಾದರೆ ಇನ್ನೊಂದು ದಿನ. ಆಮೇಲೆ ಮತ್ತೆ ಬಲ್ಬ್ ಪರೀಕ್ಷೆ. ಸಮಯ ಹೆಚ್ಚಿದ್ದರೆ ಇನ್ನೊಂದು ಸಲ ಇದನ್ನೇ ಮಾಡಿ. ಹೆಚ್ಚದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಈ ಕೆಲಸ ಗಾಳಿಯಾಡುವ ಕಡೆ, ಯಾರಾದರೂ ಎಚ್ಚರ ಇರುವಾಗ ನಡೆಯಬೇಕು. ಹಿರಿಯರು ಮಲಗುವ ಕೋಣೆಯಲ್ಲಿ ಖಂಡಿತ ಬೇಡ. ಕೈ ಇಡಲಾಗದಷ್ಟು ಬಿಸಿಯಾದರೆ ಕೂಡಲೇ ನಿಲ್ಲಿಸಿ.

ಮೇಲಿನ ಮುಚ್ಚಳ ಕಿತ್ತು ಡಿಸ್ಟಿಲ್ಡ್ ವಾಟರ್ ಹಾಕುವುದು, ಎಪ್ಸಮ್ ಉಪ್ಪು ಕದಡಿ ಸುರಿಯುವುದು, ಇಂಥ ವಿಡಿಯೊಗಳು ಬೇಕಾದಷ್ಟಿವೆ. ನೀರು ಹಾಕಿದಾಗ ಒಣಗಿದ ಬ್ಯಾಟರಿ ಸ್ವಲ್ಪ ದಿನ ಏಳುವುದು ನಿಜ. ಆದರೆ ಇದು ನೀರು ಹಾಕಲೆಂದು ಮಾಡಿದ ಬ್ಯಾಟರಿ ಅಲ್ಲ. ಒಳಗಿರುವುದು ಗಂಧಕಾಮ್ಲ. ಸೀಲ್ ಹೋದ ಮೇಲೆ ಗಾಡಿ ವಾಲಿದರೆ ಅದು ಸೋರುವುದು ಕೂತವರ ಸೀಟಿನ ಕೆಳಗೇ. ಒಬ್ಬ ಮನುಷ್ಯ ಕೂರುವ ಗಾಡಿಗೆ ಈ ಪ್ರಯೋಗ ಬೇಡ ಎಂದೇ ನಾನು ಹೇಳುವೆ.

ಹೊಸದು ಕೊಳ್ಳುವಾಗ

ಕೊಂಡರೆ ಎರಡನ್ನೂ ಒಟ್ಟಿಗೆ ಕೊಳ್ಳಿ. ಒಂದೇ ಕಂಪನಿ, ಒಂದೇ ಅಳತೆ, ಒಂದೇ ತಿಂಗಳಲ್ಲಿ ತಯಾರಾದದ್ದು. ಒಂದು ಹೊಸದು, ಒಂದು ಹಳೆಯದು ಸೇರಿಸಿದರೆ ಹಳೆಯದು ಬೇಗ ಖಾಲಿಯಾಗುತ್ತದೆ, ಚಾರ್ಜಿಂಗ್‌ನಲ್ಲಿ ಬೇಗ ತುಂಬಿ ಬಿಸಿಯಾಗುತ್ತದೆ. ಹೊಸದಕ್ಕೆ ಪೂರ್ತಿ ಚಾರ್ಜ್ ಸಿಗುವುದೇ ಇಲ್ಲ. ಕೊನೆಗೆ ಎರಡೂ ಹೋಗುತ್ತವೆ. ಅರ್ಧ ದುಡ್ಡು ಉಳಿಯಿತು ಎಂದುಕೊಂಡಿದ್ದು ಪೂರ್ತಿ ನಷ್ಟವಾಗುತ್ತದೆ.

ಅಂಗಡಿಯಲ್ಲಿ 'ಡೀಪ್ ಸೈಕಲ್' ಅಥವಾ 'ಇ.ವಿ. ಬ್ಯಾಟರಿ' ಎಂದು ಕೇಳಿ. ಕಂಪ್ಯೂಟರ್ ಯು.ಪಿ.ಎಸ್. ಬ್ಯಾಟರಿ ನೋಡಲು ಹಾಗೇ ಇರುತ್ತದೆ, ಆದರೆ ದಿನಾ ಖಾಲಿಯಾಗಿ ತುಂಬುವ ಕೆಲಸ ಅದರದ್ದಲ್ಲ. ಕಾರಿನ ಬ್ಯಾಟರಿಯೂ ಬೇಡ. ಅದರ ಪ್ಲೇಟ್ ತೆಳು, ಎಂಜಿನ್ ಶುರು ಮಾಡಲಷ್ಟೇ ಅದು. 20 ಆಂಪಿಯರ್ ಅವರ್‌ನದು ಬೇಕಾದರೆ ಲೆಡ್ ಆಸಿಡ್ ಇ-ಸ್ಕೂಟರ್‌ಗಳಿಗೆ ಹಾಕುವ '6-ಡಿ.ಝಡ್.ಎಂ-20' ಮಾದರಿ ಬರುತ್ತದೆ. ಉದ್ದ 181, ಅಗಲ 77 ಮಿಲಿಮೀಟರ್, ಎತ್ತರ 17 ಸೆಂಟಿಮೀಟರ್ ಹತ್ತಿರ. ಹಳೆಯದನ್ನು ಟೇಪಿನಿಂದ ಅಳೆದುಕೊಂಡೇ ಹೋಗಿ. ಪ್ಲಸ್ ಯಾವ ಬದಿಗಿದೆ ಎಂಬುದನ್ನೂ ನೋಡಿಕೊಳ್ಳಿ. ಬದಿ ಬದಲಾದರೆ ವೈರ್ ಮುಟ್ಟುವುದಿಲ್ಲ.

ಮೀಟರ್ ಅಂಗಡಿಗೂ ಬರಲಿ. ಹೊಸ ಬ್ಯಾಟರಿ 12.7 ತೋರಿಸಿದರೆ ಒಳ್ಳೆಯದು. 12.4ಕ್ಕಿಂತ ಕೆಳಗಿದ್ದರೆ ಅದು ಕಪಾಟಿನಲ್ಲಿ ಬಹಳ ದಿನ ಕೂತದ್ದು. ಬೇರೆ ಕೇಳಿ. ತಯಾರಿಕೆಯ ತಿಂಗಳನ್ನೂ ಕೇಳಿ, ಆರು ತಿಂಗಳು ದಾಟಿದ್ದರೆ ಬೇಡ ಅನ್ನಿ.

ಲಿಥಿಯಂ ಹಾಕಿಸಬಹುದೇ ಎಂದು ಈಗ ಬಹಳ ಜನ ಕೇಳುತ್ತಾರೆ. ತೂಕ ಅರ್ಧಕ್ಕೂ ಕಡಿಮೆ, ಬಾಳಿಕೆ ಜಾಸ್ತಿ. ಆದರೆ ಬೇಕಾದದ್ದು ಬಿ.ಎಂ.ಎಸ್. (ಸೆಲ್‌ಗಳನ್ನು ರಕ್ಷಿಸುವ ಸರ್ಕ್ಯೂಟ್) ಇರುವ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್, ಅದಕ್ಕೆಂದೇ ಮಾಡಿದ 29.2 ವೋಲ್ಟ್‌ನ ಚಾರ್ಜರ್. ಎಲ್ಲಿಂದಲೋ ತಂದ ಸೆಲ್ ಬೆಸೆದು ಕಟ್ಟಿದ ಪ್ಯಾಕನ್ನು ಸೀಟಿನ ಕೆಳಗೆ ಇಡಬೇಡಿ.

ಬದಲಿಸುವ ಕೆಲಸ

ಹೊಸ ಜೋಡಿ ಕೈಯಲ್ಲಿದ್ದಾಗಲೇ ಹಳೆಯದನ್ನು ಬಿಚ್ಚಿ. ಒಂದು ಸಂಜೆಯಲ್ಲಿ ಕೆಲಸ ಮುಗಿಯಬೇಕು, ಮರುದಿನ ಗಾಡಿ ಇಲ್ಲದೆ ಅದರಲ್ಲಿ ಓಡಾಡುವವರು ಮನೆಯಲ್ಲೇ ಕೂರುವಂತಾಗಬಾರದು. ಕೀ ತೆಗೆಯಿರಿ. ಉಂಗುರ, ಬಳೆ, ಗಡಿಯಾರ ಎಲ್ಲ ತೆಗೆದಿಡಿ. ಪಾನಾದ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಪಾನಾ ಎರಡೂ ಟರ್ಮಿನಲ್‌ಗೆ ಒಮ್ಮೆಗೇ ತಾಗಿದರೆ ನೂರಾರು ಆಂಪಿಯರ್ ಹರಿದು ಕೈ ಸುಡುತ್ತದೆ.

ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಎರಡನ್ನೂ ಸೇರಿಸುವ ವೈರ್, ಕೊನೆಗೆ ಪ್ಲಸ್. ಹಾಕುವಾಗ ಇದರ ಉಲ್ಟಾ. ಫ್ಯೂಸ್ ಎಲ್ಲಿತ್ತೋ ಅಲ್ಲೇ ಇರಲಿ, ಅದನ್ನು ಬಿಟ್ಟು ನೇರ ವೈರ್ ಕೊಡಬೇಡಿ. ಕಂಟ್ರೋಲರ್‌ಗೆ (ಮೋಟರಿಗೆ ಕರೆಂಟ್ ಹದವಾಗಿ ಕೊಡುವ ಪೆಟ್ಟಿಗೆ) ಹೋಗುವ ಪ್ಲಗ್ ಸೇರಿಸುವ ಮುಂಚೆ ಮೀಟರ್ ಹಿಡಿಯಿರಿ. ಒಟ್ಟು 25ರಿಂದ 26 ವೋಲ್ಟ್ ಬರಬೇಕು, ಪ್ಲಸ್ ಪ್ಲಸ್ಸಿನಲ್ಲೇ ಇರಬೇಕು. ಉಲ್ಟಾ ಆದರೆ ಕಂಟ್ರೋಲರ್ ಸುಟ್ಟುಹೋಗಬಹುದು, ಅದರ ಬೆಲೆ ಬ್ಯಾಟರಿಗಿಂತ ಜಾಸ್ತಿ. ಬೋಲ್ಟ್ ಬಿಗಿಯಿರಲಿ. ಸಡಿಲ ಇದ್ದಲ್ಲಿ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ಮೊದಲ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಮೊದಲ ಕೆಲವು ದಿನ ಮನೆಯ ಹತ್ತಿರವೇ ಓಡಿಸಿ.

ಮುಂದೆ, ಓಡಿಸಿದ ದಿನವೇ ಚಾರ್ಜಿಗೆ ಹಚ್ಚಿ. ಪೂರ್ತಿ ಖಾಲಿಯಾದ ಮೇಲೇ ಚಾರ್ಜ್ ಮಾಡಬೇಕು ಎಂಬ ಮಾತು ಈ ಬ್ಯಾಟರಿಗೆ ಸಲ್ಲದು, ಅದು ಕೆಡುವುದೇ ಹಾಗೆ. ಬೇಸಿಗೆಯಲ್ಲಿ ಹೊತ್ತು ಮುಳುಗಿ ಬ್ಯಾಟರಿ ತಣ್ಣಗಾದ ಮೇಲೆ ಹಚ್ಚಿ. ಕರೆಂಟ್ ಹೋಗಿ ಬಂದರೆ ದೀಪ ಹತ್ತಿದೆಯೇ ಎಂದು ಒಮ್ಮೆ ನೋಡಿ. ಗಾಡಿ ಹೊರಗೆ ತೆಗೆಯದಿದ್ದರೂ ವಾರಕ್ಕೊಮ್ಮೆ ಚಾರ್ಜ್ ಆಗಲಿ. ಪಡಸಾಲೆಯಲ್ಲಿ ಜಾಗ ಇದ್ದರೆ ತಗಡಿನ ಶೆಡ್ಡಿಗಿಂತ ಅಲ್ಲಿ ನಿಲ್ಲಿಸಿ.

ಹಳೆಯ ಬ್ಯಾಟರಿಗಳನ್ನು ಕೊಂಡ ಅಂಗಡಿಗೇ ಕೊಡಿ. ಬಿಲ್‌ನಲ್ಲಿ ಅದರ ಬೆಲೆ ಕಳೆಯಲು ಕೇಳಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮದ ಪ್ರಕಾರ ಹಳೆಯವು ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗಬೇಕು. ನಾಲ್ಕು ಕಾಸು ಜಾಸ್ತಿ ಸಿಗುತ್ತದೆ ಎಂದು ಗುಜರಿಗೆ ಹಾಕಿದರೆ, ಅಲ್ಲಿ ಒಡೆದು ಆಮ್ಲವನ್ನು ಗಟಾರಿಗೆ ಸುರಿದು ಸೀಸ ಕರಗಿಸಬಹುದು. ಆ ಹೊಗೆ, ಆ ಧೂಳು ಸುತ್ತಲಿನ ಚಿಕ್ಕ ಮಕ್ಕಳ ಮೈ ಸೇರಿದರೆ ಅವರ ಮಿದುಳಿಗೇ ಪೆಟ್ಟು. ಕೊಡುವ ತನಕ ಟರ್ಮಿನಲ್‌ಗಳ ಮೇಲೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.