ಪಾರ್ಟ್ ಪಾರ್ಟಾಗಿ ಬಂದ ರಾರ್ ಫೈಲ್ ಬಿಚ್ಚದಿದ್ದರೆ

ಮದುವೆ ಆಲ್ಬಂ ಡಿಸೈನ್ ಮಾಡುವುದು ನನ್ನ ಕಸುಬು. ಫೋಟೋಗ್ರಾಫರುಗಳು ಇಡೀ ಮದುವೆಯ ಫೋಟೋಗಳನ್ನು ತುಂಡು ತುಂಡಾಗಿ (ಪಾರ್ಟ್ 1, ಪಾರ್ಟ್ 2 ಎಂದು) ರಾರ್ ಮಾಡಿ, ಅಂದರೆ ಗಂಟು ಕಟ್ಟಿದ ಫೈಲುಗಳಾಗಿಸಿ ಕಳಿಸಿ, ‘ಅಣ್ಣಾ, ಓಪನ್ ಆಯ್ತಾ?’ ಅಂತ ಫೋನ್ ಮಾಡುತ್ತಾರೆ. ಆಗಿಲ್ಲ ಅಂದರೆ ಬರುವ ಉತ್ತರ ಒಂದೇ: ‘ನಿಮ್ಮ ಸಾಫ್ಟ್‌ವೇರೇ ಸರಿ ಇಲ್ಲ.’ ಸಾಫ್ಟ್‌ವೇರ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ.

ಮೊದಲು ಫೋಲ್ಡರಿನಲ್ಲಿ ಡಿಟೇಲ್ಸ್ ವ್ಯೂ ಹಾಕಿ ಸೈಜ್ ನೋಡಿ. ಕೊನೆಯ ಪಾರ್ಟ್ ಬಿಟ್ಟು ಉಳಿದವೆಲ್ಲ ಸಾಮಾನ್ಯವಾಗಿ ಒಂದೇ ಅಳತೆ ಇರುತ್ತವೆ. ನಡುವಿನದೊಂದು ಚಿಕ್ಕದಿದ್ದರೆ ಅದರ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. ಅದೊಂದನ್ನೇ ಮತ್ತೆ ತರಿಸಿಕೊಳ್ಳಿ, ಎಲ್ಲವನ್ನೂ ಅಲ್ಲ.

ಆಮೇಲೆ ಹೆಸರು. ಒಂದೇ ಫೈಲನ್ನು ಎರಡು ಸಲ ಇಳಿಸಿದರೆ ಬ್ರೌಸರ್ ಹೆಸರಿನ ಕೊನೆಗೆ (1) ಎಂಬಂಥ ಅಂಕಿ ಅಂಟಿಸುತ್ತದೆ. ಆಗ ವಿನ್‌ರಾರ್ (ರಾರ್ ಬಿಚ್ಚುವ ಸಾಫ್ಟ್‌ವೇರ್) ಮುಂದಿನ ಪಾರ್ಟ್ ಎಲ್ಲಿ ಎಂದು ಕೇಳುತ್ತ ಕೂರುತ್ತದೆ. ಆ ಅಂಟಿದ ಅಂಕಿಯನ್ನು ಕಂಸದ ಸಮೇತ ಅಳಿಸಿ, ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ, ಪಾರ್ಟ್ 1 ಮಾತ್ರ ಬಿಚ್ಚಿ. ಉಳಿದವನ್ನು ಅದೇ ಹುಡುಕಿಕೊಳ್ಳುತ್ತದೆ. ಜಿಪ್‌ನಲ್ಲಿ ಇದು ಉಲ್ಟಾ: ಝಡ್01, ಝಡ್02 ಎಂದು ಸಾಗಿ, ಬರೀ ಜಿಪ್ ಎಂದಿರುವುದೇ ಕೊನೆಯ ತುಂಡು. ಬಿಚ್ಚಬೇಕಾದದ್ದು ಅದನ್ನೇ, ಅದೂ ಸೆವೆನ್‌ಜಿಪ್ ಎಂಬ ಸಾಫ್ಟ್‌ವೇರಿನಲ್ಲಿ.

ಸೈಜ್, ಹೆಸರು ಎರಡೂ ಸರಿಯಿದ್ದು ಸಿಆರ್‌ಸಿ ಎರರ್ (ಡೇಟಾ ತಾಳೆಯಾಗುತ್ತಿಲ್ಲ ಎಂಬ ಸೂಚನೆ) ಬಂದರೆ ಯಾವುದೋ ತುಂಡು ಒಳಗೇ ಕೆಟ್ಟಿದೆ. ಹಳೆಯ ರಾರ್ ಫಾರ್ಮ್ಯಾಟಿನಲ್ಲಿ ಪಾಸ್‌ವರ್ಡ್ ತಪ್ಪಾದರೂ ಇದೇ ಎರರ್ ಬರುತ್ತದೆ, ಅದನ್ನೊಮ್ಮೆ ನೋಡಿಕೊಳ್ಳಿ. ಕಳಿಸಿದವರು ಆರ್‌ಇವಿ ಫೈಲುಗಳನ್ನೂ (ಕೆಟ್ಟ ಪಾರ್ಟ್ ಸರಿಪಡಿಸುವ ರಿಕವರಿ ವಾಲ್ಯೂಮ್) ಕೊಟ್ಟಿದ್ದರೆ ಪುಣ್ಯ: ಒಂದು ಆರ್‌ಇವಿಗೆ ಒಂದು ಪಾರ್ಟ್ ಲೆಕ್ಕದಲ್ಲಿ ವಿನ್‌ರಾರ್ ಮತ್ತೆ ಕಟ್ಟಿಕೊಡುತ್ತದೆ. ಇಲ್ಲದಿದ್ದರೆ ಎಕ್ಸ್‌ಟ್ರಾಕ್ಟ್ ಮಾಡುವಾಗ ‘ಕೀಪ್ ಬ್ರೋಕನ್ ಫೈಲ್ಸ್’ ಟಿಕ್ ಮಾಡಿ. ಕೆಟ್ಟ ಜಾಗದಲ್ಲಿದ್ದ ಫೋಟೋ ಮೇಲರ್ಧ ನೆಟ್ಟಗೆ, ಕೆಳಗರ್ಧ ಬೂದುಬಣ್ಣದಲ್ಲಿ ಬರುತ್ತದೆ. ಧಾರೆಯ ಫೋಟೋದಲ್ಲಿ ವಧೂವರರ ಮುಖವಿದ್ದು ಕೈಗಳೇ ಇರುವುದಿಲ್ಲ. ಆ ಫೋಟೋದ ನಂಬರ್ ಹೇಳಿ ಅದನ್ನಷ್ಟೇ ಕೇಳಿ.

ಪೆನ್‌ಡ್ರೈವಿಗೇ ಎಕ್ಸ್‌ಟ್ರಾಕ್ಟ್ ಮಾಡುವವರಿಗೆ ಒಂದು ಮಾತು. ಅದರ ಫಾರ್ಮ್ಯಾಟ್ ಹಳೆಯ ಫ್ಯಾಟ್32 ಆಗಿದ್ದರೆ 4 ಜಿಬಿ ಮುಟ್ಟಿದ ವಿಡಿಯೋ ಅದರಲ್ಲಿ ಕೂರುವುದಿಲ್ಲ, ಜಾಗ ಎಷ್ಟೇ ಖಾಲಿ ಇರಲಿ. ಕಂಪ್ಯೂಟರಿನ ಡಿಸ್ಕಿಗೇ ಬಿಚ್ಚಿ.

ಕಳಿಸುವ ಫೋಟೋಗ್ರಾಫರುಗಳೇ, ಜೆಪೆಗ್ ಫೋಟೋ ಎಷ್ಟು ಒತ್ತಿದರೂ ಹೆಚ್ಚೇನೂ ಕುಗ್ಗುವುದಿಲ್ಲ. ಕಂಪ್ರೆಷನ್‌ನಲ್ಲಿ ಒತ್ತದೆ ಹಾಗೇ ತುಂಬುವ ‘ಸ್ಟೋರ್’ ಆರಿಸಿ, ಅದರಿಂದ ಉಳಿಯುವ ಸಮಯದಲ್ಲಿ ಎರಡು ರಿಕವರಿ ವಾಲ್ಯೂಮ್ ಸೇರಿಸಿ ಕಳಿಸಿ.