ಹಾಬಿಟ್‌ಗೆ ನಾನು ಹಾಕಿದ ಕತ್ತರಿ

ಟೋಲ್ಕಿನ್ ಅವರ ‘ದಿ ಹಾಬಿಟ್’ 1937ರಲ್ಲಿ ಬಂದ ಮಕ್ಕಳ ಕಾದಂಬರಿ, ಮುನ್ನೂರು ಪುಟಗಳ ಆಸುಪಾಸಿನದು. ಬಿಲ್ಬೊ ಎಂಬ ಪುಟ್ಟ ಹಾಬಿಟ್, ಥೋರಿನ್ ಸೇರಿ ಹದಿಮೂರು ಕುಬ್ಜರ ಜೊತೆ, ಸ್ಮಾಗ್ ಎಂಬ ಡ್ರ್ಯಾಗನ್ ಕಸಿದುಕೊಂಡ ಅವರ ಬೆಟ್ಟವನ್ನು ಮರಳಿ ಪಡೆಯಲು ಹೊರಡುವ ಕತೆ. ಪೀಟರ್ ಜಾಕ್ಸನ್ ಅದನ್ನು 2012ರಿಂದ 2014ರವರೆಗೆ ಮೂರು ಚಿತ್ರಗಳಾಗಿ ಎಳೆದರು. ಒಟ್ಟು ಅವಧಿ ಸುಮಾರು ಎಂಟು ಗಂಟೆ. ಮೊದಲು ಎರಡೇ ಭಾಗವೆಂದಿದ್ದರು, ಬಹುಪಾಲು ಚಿತ್ರೀಕರಣವಾದ ಮೇಲೆ ಮೂರನೆಯದು ಹುಟ್ಟಿಕೊಂಡಿತು. ಆ ನೀರು ಬೆರೆಸಿದ ರುಚಿ ನೋಡುವಾಗಲೇ ಗೊತ್ತಾಗುತ್ತದೆ. ಆದರೂ ಮಾರ್ಟಿನ್ ಫ್ರೀಮನ್ ಅವರ ಬಿಲ್ಬೊನನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಕೊಂಡಿಟ್ಟಿದ್ದ ಡಿಸ್ಕ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ನನ್ನ ಮನೆಯ ಟಿವಿಗೆ ಮಾತ್ರ ಎಂದುಕೊಂಡು, ಮೂರನ್ನೂ ಒಂದು ಚಿತ್ರವಾಗಿಸಲು ಕುಳಿತೆ.

ಬಿಲ್ಬೊ ಇಲ್ಲದ ಕಡೆ ಕತೆ ಹೋಗಬಾರದು ಎಂಬುದು ನಾನು ಹಾಕಿಕೊಂಡ ಕಟ್ಟಳೆ. ಮಾಂತ್ರಿಕ ರಾಡಗಾಸ್ಟ್‌ನ ಮೊಲದ ಗಾಡಿ, ಡೋಲ್ ಗುಲ್ಡೂರ್ ಕೋಟೆಯ ಮಾಟಗಾರ, ಹಿರಿಯರ ಸಭೆ ಎಲ್ಲವೂ ಒಂದೇ ಸಂಜೆ ಹೋದವು. ಗುಹೆಯ ಜೀವಿ ಗೊಲ್ಲಮ್‌ನ ಜೊತೆ ಬಿಲ್ಬೊ ಆಡುವ ಒಗಟಿನ ದೃಶ್ಯದಲ್ಲಿ ಒಂದು ಫ್ರೇಮನ್ನೂ ಮುಟ್ಟಲಿಲ್ಲ. ಮೂರೂ ಚಿತ್ರಗಳಲ್ಲಿ ಅದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ.

ಗಂಟು ಬಿದ್ದದ್ದು ಟಾರಿಯೆಲ್ ಬಳಿ. ಪುಸ್ತಕದಲ್ಲಿ ಇಲ್ಲದ ಈ ಎಲ್ಫ್ ಯುವತಿಗೂ ಕುಬ್ಜ ಕಿಲಿಗೂ ಪ್ರೇಮ, ನಡುವೆ ಎಲ್ಫ್ ರಾಜಕುಮಾರ ಲೆಗೊಲಾಸ್. ಅವಳನ್ನು ತೆಗೆಯುವುದು ಸುಲಭ, ಆದರೆ ಕಿಲಿಯ ಕಾಲಿಗೆ ಬಾಣ ಬೀಳುತ್ತದೆ, ಅದರಿಂದಲೇ ನಾಲ್ವರು ಕುಬ್ಜರು ಸರೋವರದ ಊರಿನಲ್ಲಿ ಉಳಿಯುತ್ತಾರೆ. ಪುಸ್ತಕದಲ್ಲಿ ಹದಿಮೂರು ಜನರೂ ಬೆಟ್ಟಕ್ಕೆ ಹೋಗುತ್ತಾರೆ, ಚಿತ್ರದಲ್ಲಿ ಒಂಬತ್ತೇ ಮಂದಿ. ಆದ್ದರಿಂದ ಗಾಯವನ್ನು ಉಳಿಸಿಕೊಂಡೆ, ಟಾರಿಯೆಲ್ ಮಾಡುವ ಚಿಕಿತ್ಸೆಯನ್ನು ತೆಗೆದೆ. ಕಿಲಿ ಜ್ವರದಲ್ಲಿ ನರಳುತ್ತಿರುವಾಗಲೇ ಡ್ರ್ಯಾಗನ್ ಬರುತ್ತದೆ. ಹೇಗೆ ವಾಸಿಯಾಯಿತು ಎಂದು ನೋಡಿದವರಾರೂ ಕೇಳಲಿಲ್ಲ, ಊರೇ ಉರಿಯುವಾಗ ಕೇಳುವವರಾದರೂ ಯಾರು?

ಚಿತ್ರವನ್ನು ಕತ್ತರಿಸುವುದಕ್ಕಿಂತ ಸಂಗೀತವನ್ನು ಹೊಲಿಯುವುದು ಕಷ್ಟ. ಕುಬ್ಜರು ಪೀಪಾಯಿಗಳಲ್ಲಿ ಕೂತು ನದಿಯಲ್ಲಿ ತೇಲಿಹೋಗುವ ದೃಶ್ಯದಲ್ಲಿ ಲೆಗೊಲಾಸ್ ಅವರ ತಲೆಗಳ ಮೇಲೆ ಕಾಲಿಟ್ಟು ಕುಣಿಯುವುದನ್ನು ತೆಗೆದೊಡನೆ ಹಿನ್ನೆಲೆಯ ತಾಳ ಕುಂಟತೊಡಗಿತು. ಇಂಥ ಡಿಸ್ಕ್‌ಗಳಲ್ಲಿ ಧ್ವನಿ ಹಲವು ಚಾನೆಲ್‌ಗಳಲ್ಲಿ, ಅಂದರೆ ಬೇರೆ ಬೇರೆ ಸ್ಪೀಕರ್‌ಗಳಿಗೆ ಹೋಗುವ ಪದರಗಳಲ್ಲಿ ಇರುತ್ತದೆ. ಮಾತು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿ, ಸಂಗೀತ ಅಕ್ಕಪಕ್ಕದಲ್ಲಿ. ನಡುವಿನದನ್ನು ಇಟ್ಟುಕೊಂಡು, ಉಳಿದವನ್ನು ಮುಚ್ಚಿ, ಈ ಚಿತ್ರಗಳ ಸಂಗೀತಗಾರ ಹೋವರ್ಡ್ ಶೋರ್ ಅವರ ಧ್ವನಿಮುದ್ರಿಕೆಯ ತುಣುಕನ್ನು ಅಡಿಯಲ್ಲಿ ಹಾಸಿದೆ. ಜೊತೆಗೇ ಹೊರಟುಹೋದ ನದಿಯ ಸದ್ದನ್ನು ಬೇರೆ ಕಡೆಯಿಂದ ತಂದು ಮೇಲೆ ಹರಡಿದೆ. ನೀರಿನ ಭೋರ್ಗರೆತ ಒಳ್ಳೆಯದು, ಎಂಥ ತೇಪೆಯನ್ನೂ ಮುಚ್ಚುತ್ತದೆ.

ಓರ್ಕ್ ಎಂಬ ದುಷ್ಟ ಜೀವಿಗಳ ನಾಯಕ ಅಜೋಗ್‌ನನ್ನು ಮಾತ್ರ ಓಡಿಸಲಾಗಲಿಲ್ಲ. ಟೋಲ್ಕಿನ್‌ರ ಪ್ರಕಾರ ಅವನು ಈ ಪ್ರಯಾಣಕ್ಕೆ ಬಹಳ ಹಿಂದೆಯೇ ಸತ್ತವನು. ಆದರೆ ಮೊದಲ ಭಾಗದ ಕೊನೆಯಲ್ಲಿ ಉರಿಯುವ ಮರಗಳ ನಡುವೆ ಥೋರಿನ್ ಅವನಿಂದ ಪೆಟ್ಟು ತಿಂದು ಬೀಳುತ್ತಾನೆ, ಬಿಲ್ಬೊ ಪುಟ್ಟ ಕತ್ತಿ ಹಿಡಿದು ಅಡ್ಡ ನಿಲ್ಲುತ್ತಾನೆ. ಅದು ಇಲ್ಲದಿದ್ದರೆ, ಹದ್ದುಗಳು ಅವರನ್ನು ಇಳಿಸಿದ ಬಂಡೆಯ ಮೇಲೆ ಥೋರಿನ್ ಬಿಲ್ಬೊನನ್ನು ತಬ್ಬಿಕೊಳ್ಳುವುದಕ್ಕೆ ಅರ್ಥವೇ ಇಲ್ಲ. ಅಜೋಗ್ ಬೆನ್ನಟ್ಟುವ ದೃಶ್ಯಗಳನ್ನು ಕಡಿದು, ಈ ಒಂದನ್ನು ಉಳಿಸಿದೆ.

ಡ್ರ್ಯಾಗನ್ ಮೇಲೆ ಕರಗಿದ ಚಿನ್ನ ಸುರಿಯುವ ದೀರ್ಘ ಕಸರತ್ತು ಪೂರ್ತಿ ಹೋಯಿತು. ತೊಂದರೆಯೆಂದರೆ ಸ್ಮಾಗ್ ಬೆಟ್ಟದಿಂದ ಹಾರುವಾಗ ಮೈಯೆಲ್ಲ ಚಿನ್ನ. ಆ ಶಾಟ್‌ಗಳನ್ನು ಬಿಟ್ಟು, ಬಿಲ್ಬೊನೊಂದಿಗಿನ ಮಾತು ಮುಗಿದೊಡನೆ ಪರದೆಯನ್ನು ಕಪ್ಪಾಗಿಸಿ, ಘರ್ಜನೆಯನ್ನಷ್ಟೇ ಕೇಳಿಸಿ, ಡ್ರ್ಯಾಗನ್ ಸರೋವರದ ಊರನ್ನು ಸುಡುವ ಮೂರನೆಯ ಭಾಗದ ಆರಂಭಕ್ಕೆ ಸೇರಿಸಿದೆ. ಇಲ್ಲಿ ನನ್ನ ಕಟ್ಟಳೆಯನ್ನು ಮುರಿಯಲೇಬೇಕಾಯಿತು. ಆದರೆ ಡ್ರ್ಯಾಗನ್ ಸಾಯುವಾಗ ಪುಸ್ತಕವೂ ಬಿಲ್ಬೊನನ್ನು ಬೆಟ್ಟದಲ್ಲೇ ಬಿಟ್ಟು ಊರಿಗೆ ಹೋಗುತ್ತದೆ.

ಕೊನೆಯ ಯುದ್ಧಕ್ಕೆ ಪುಸ್ತಕದಲ್ಲೇ ಉಪಾಯವಿತ್ತು. ಅಲ್ಲಿ ಬಿಲ್ಬೊ ತಲೆಗೆ ಕಲ್ಲು ಬಡಿದು ಪ್ರಜ್ಞೆ ತಪ್ಪುತ್ತಾನೆ, ಉಳಿದದ್ದು ಅವನಿಗೆ ಆಮೇಲೆ ತಿಳಿಯುತ್ತದೆ. ಚಿತ್ರದಲ್ಲೂ ಅವನು ಪೆಟ್ಟು ತಿಂದು ಬೀಳುತ್ತಾನೆ. ಅಲ್ಲಿಂದ ಅವನು ಕಣ್ಣುಬಿಟ್ಟು ಹದ್ದುಗಳನ್ನು ಕಾಣುವವರೆಗಿನ ಹೊಡೆದಾಟವೆಲ್ಲ ಹೋಯಿತು. ಕಿಲಿಯ ಸಾವು ಕಾಣಲಿಲ್ಲವೆಂದು ನೋಡಿದ ಗೆಳೆಯನೊಬ್ಬ ಮುನಿಸಿಕೊಂಡ. ಅವನು ಪುಸ್ತಕ ಓದಿರಲಿಲ್ಲ, ನನ್ನ ಪ್ರತಿಯನ್ನು ಅವನ ಕೈಗೆ ಕೊಟ್ಟು ಕಳಿಸಿದೆ.