ಹಿತ್ತಲಿಗೆ ಡಬ್ಬದ ಈಜುಕೊಳ: ಕ್ಯಾಲಿಫೋರ್ನಿಯಾದಲ್ಲಿ ಪರ್ಮಿಟ್, ಬೇಲಿ, ಕರೆಂಟ್

ಬೇಸಿಗೆ ಬಂತೆಂದರೆ ಅಮೆರಿಕದ ಅಂಗಡಿಗಳಲ್ಲಿ ನೆಲದ ಮೇಲೆ ನಿಲ್ಲಿಸುವ ಈಜುಕೊಳಗಳು ಡಬ್ಬದಲ್ಲಿ ಸಿಗುತ್ತವೆ. ಬಿಲ್ ಹಾಕುವವರು ಪರ್ಮಿಟ್ ಕೇಳುವುದಿಲ್ಲ. ಆದ್ದರಿಂದ ಬೇಡವೆಂದೇ ಅನೇಕರ ಎಣಿಕೆ. ಬೇ ಏರಿಯಾದ ಕನ್ನಡಿಗರ ಮನೆಗಳಿಗೂ ಅನ್ವಯಿಸುವ ಕ್ಯಾಲಿಫೋರ್ನಿಯಾದ ನಿಯಮ ಇಲ್ಲಿದೆ. ನಗರ ಅಥವಾ ಕೌಂಟಿ ಇದಕ್ಕಿಂತ ಬಿಗಿಯಾದ ನಿಯಮ ಮಾಡಿರಬಹುದು. ಹಾಗಾಗಿ ಡಬ್ಬ ಬಿಚ್ಚುವ ಮೊದಲೇ ಸ್ಥಳೀಯ ಬಿಲ್ಡಿಂಗ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ.

1. ಆಳ ನೋಡಿ. ನೀರು 18 ಇಂಚು ದಾಟಬಹುದಾದ ಯಾವುದೇ ತೊಟ್ಟಿ ರಾಜ್ಯದ ಪೂಲ್ ಸುರಕ್ಷತಾ ಕಾಯಿದೆಯ ಲೆಕ್ಕದಲ್ಲಿ ಈಜುಕೊಳವೇ. 24 ಇಂಚಿಗಿಂತ ಕಡಿಮೆ ಆಳದ, 5,000 ಗ್ಯಾಲನ್ ಮೀರದ, ಪೂರ್ತಿ ನೆಲದ ಮೇಲೆಯೇ ನಿಲ್ಲುವ ರೆಡಿಮೇಡ್ ಕೊಳಕ್ಕೆ ಸಾಮಾನ್ಯವಾಗಿ ಕಟ್ಟಡದ ಪರ್ಮಿಟ್ ಬೇಡ. 48 ಇಂಚಿನ ಫ್ರೇಮ್ ಪೂಲಿಗೆ (ಲೋಹದ ಕಾಲುಗಳ ಚೌಕಟ್ಟಿನ ಮೇಲೆ ನಿಲ್ಲುವ ಕೊಳಕ್ಕೆ) ಈ ವಿನಾಯಿತಿ ಇಲ್ಲ.

2. ಜಾಗ. 15 ಅಡಿ ಅಗಲದ ದುಂಡನೆಯ ಕೊಳಕ್ಕೆ 42 ಇಂಚು ನೀರು ತುಂಬಿದರೆ ಸುಮಾರು 4,600 ಗ್ಯಾಲನ್, ಅಂದರೆ ಹದಿನೇಳೂವರೆ ಟನ್ ಭಾರ. ಚದರಡಿಗೆ 218 ಪೌಂಡ್ ಬೀಳುತ್ತದೆ. ಮನೆಯ ಮರದ ಡೆಕ್ಕಿಗೆ ಸಾಮಾನ್ಯವಾಗಿ ಲೆಕ್ಕ ಹಾಕುವ ಭಾರ 40ರಿಂದ 60 ಪೌಂಡ್ ಮಾತ್ರ, ಆದ್ದರಿಂದ ಡೆಕ್ ಮೇಲೆ ಇಡುವ ಮಾತೇ ಬೇಡ. ನೆಲ ಇಳಿಜಾರಾಗಿದ್ದರೆ ಎತ್ತರದ ಕಡೆ ಕೆತ್ತಿ ಮಟ್ಟ ಮಾಡಬೇಕು. ತಗ್ಗಿಗೆ ಹೊಸ ಮಣ್ಣು ಸುರಿದರೆ ಭಾರಕ್ಕೆ ಅದು ಕುಸಿದು, ಆ ಕಡೆಯ ಕಾಲುಗಳು ಹೊರಕ್ಕೆ ವಾಲುತ್ತವೆ. ಗುದ್ದಲಿ ಹಾಕುವ ಮೊದಲು 811ಕ್ಕೆ ಕರೆ ಮಾಡಿದರೆ ನೆಲದಡಿಯ ಗ್ಯಾಸ್, ಕರೆಂಟ್ ಲೈನುಗಳನ್ನು ಬಿಟ್ಟಿಯಾಗಿ ಗುರುತು ಮಾಡಿಸುತ್ತಾರೆ. ತಲೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಯ ಕೆಳಗಂತೂ ಬೇಡವೇ ಬೇಡ.

3. ಅರ್ಜಿ. ಸೈಟ್ ಪ್ಲಾನಿನಲ್ಲಿ ಮನೆ, ಕಾಂಪೌಂಡು, ಕೊಳ, ಅವುಗಳ ನಡುವಿನ ಅಂತರ, ಗೇಟು ಮತ್ತು ಹಿತ್ತಲಿಗೆ ತೆರೆಯುವ ಪ್ರತಿ ಬಾಗಿಲನ್ನೂ ತೋರಿಸಿ. ತಯಾರಕರ ಕೈಪಿಡಿಯನ್ನು ಲಗತ್ತಿಸಿ. ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಇದ್ದರೆ ಅದರ ಒಪ್ಪಿಗೆ ಬೇರೆ. ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡುವಂತಿಲ್ಲ.

4. ಏಳರಲ್ಲಿ ಎರಡು. ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ಇಲ್ಲೇ. 2018ರ ಜನವರಿಯಿಂದ, ಪರ್ಮಿಟ್ ಪಡೆಯುವ ಪ್ರತಿ ಮನೆಯ ಈಜುಕೊಳಕ್ಕೂ ಕಾಯಿದೆ ಪಟ್ಟಿ ಮಾಡಿರುವ ಏಳು ಸುರಕ್ಷತಾ ಕ್ರಮಗಳಲ್ಲಿ ಕನಿಷ್ಠ ಎರಡು ಇರಲೇಬೇಕು: ಮನೆಯಿಂದ ಕೊಳವನ್ನು ಬೇರ್ಪಡಿಸುವ ಬೇಲಿ, ಬೀಗ ಹಾಕಬಹುದಾದ ಗೇಟಿರುವ ತೆಗೆದಿಡಬಲ್ಲ ಬಲೆಬೇಲಿ, ಮಾನ್ಯತೆಯ ಸೇಫ್ಟಿ ಕವರ್, ಬಾಗಿಲುಗಳಿಗೆ ಅಲಾರಂ, ತಾನಾಗಿ ಮುಚ್ಚಿ ಚಿಲಕ ಬೀಳುವ ಬಾಗಿಲು, ನೀರಿಗೆ ಯಾರಾದರೂ ಬಿದ್ದರೆ ಕೂಗುವ ಪೂಲ್ ಅಲಾರಂ, ಇವುಗಳಿಗೆ ಸಮನಾದ ಬೇರೆ ಉಪಾಯ.

ಬೇಲಿಯ ಅಳತೆ ಹೀಗೆ: ಎತ್ತರ 60 ಇಂಚು, ಕೆಳಗಿನ ಸಂದು 2 ಇಂಚಿಗಿಂತ ಹೆಚ್ಚಿರಬಾರದು, 4 ಇಂಚಿನ ಚೆಂಡು ಎಲ್ಲೂ ತೂರಬಾರದು, ಹೊರಮೈಯಲ್ಲಿ ಮಗು ಕಾಲೂರಿ ಹತ್ತುವಂಥದ್ದೇನೂ ಇರಬಾರದು. ಗೇಟು ಕೊಳದಿಂದ ಆಚೆಗೆ ತೆರೆದು, ತಾನಾಗಿ ಮುಚ್ಚಬೇಕು. ಚಿಲಕ ನೆಲದಿಂದ 60 ಇಂಚು ಮೇಲಿರಬೇಕು.

ಆರಡಿ ಕಾಂಪೌಂಡು ಇದೆಯಲ್ಲ ಎಂದರೆ, ಅದು ತಡೆಯುವುದು ಪಕ್ಕದ ಮನೆಯ ಮಗುವನ್ನು. ನಿಮ್ಮ ಮನೆಯ ಮಗು ಹೋಗುವುದು ಅಡುಗೆಮನೆಯ ಸ್ಲೈಡಿಂಗ್ ಬಾಗಿಲಿನಿಂದ. 48 ಇಂಚಿನ ಕೊಳದ ಗೋಡೆಯನ್ನೇ ಬೇಲಿ ಎಂದು ಒಪ್ಪುವ ರಾಜ್ಯಗಳಿವೆ, ಆದರೆ ಕ್ಯಾಲಿಫೋರ್ನಿಯಾದ 60 ಇಂಚಿಗೆ ಅದು ಸಾಲದು. ಗುಳ್ಳೆಪ್ಲಾಸ್ಟಿಕ್ಕಿನ ಸೋಲಾರ್ ಕವರು ಸೇಫ್ಟಿ ಕವರ್ ಅಲ್ಲ. ಅದರ ಮೇಲೆ ಬಿದ್ದ ಮಗು ಅದರಡಿಗೇ ಸಿಕ್ಕಿಬೀಳುತ್ತದೆ. ಮಗುವಿನ ಮೈಗೆ ಕಟ್ಟುವ ಅಲಾರಮನ್ನಂತೂ ಕಾಯಿದೆಯೇ ಹೆಸರಿಸಿ ತಳ್ಳಿಹಾಕಿದೆ. ಬಾಡಿಗೆ ಮನೆಯವರಿಗೆ ಬಲೆಬೇಲಿ ಮತ್ತು ಬಾಗಿಲ ಅಲಾರಂ ಜೋಡಿಯೇ ಸುಲಭ ಎಂಬುದು ನಮ್ಮ ಅಭಿಪ್ರಾಯ. ಮಾಲೀಕರ ಒಪ್ಪಿಗೆ ಮಾತ್ರ ಮೊದಲೇ ಇರಲಿ.

5. ಕರೆಂಟ್. ಪಂಪಿನ ಸಾಕೆಟ್ ಕೊಳದ ಒಳಗೋಡೆಯಿಂದ ಕನಿಷ್ಠ 6 ಅಡಿ ದೂರವಿದ್ದು, ಜಿಎಫ್‌ಸಿಐ (ಕರೆಂಟ್ ಸೋರಿದೊಡನೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ರಕ್ಷಣೆ ಹೊಂದಿರಬೇಕು. ಇದು ನಮ್ಮೂರ ಆರ್‌ಸಿಸಿಬಿಯ ಬಳಗದ್ದೇ. ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಗೆ ಬೀಳುವುದು, ಇಲ್ಲಿ ಸುಮಾರು 5ಕ್ಕೇ ಬೀಳುತ್ತದೆ. ಪಂಪಿಗೆ ಎಕ್ಸ್‌ಟೆನ್ಷನ್ ವೈರ್ ಬೇಡ. ಹುಲ್ಲಿನ ಮೇಲೆ ಒದ್ದೆಯಾಗುವ ಜೋಡಣೆಯೇ ಶಾಕಿಗೆ ದಾರಿ. ಕಾಯಂ ಆಗಿ ನಿಲ್ಲಿಸುವ ಉಕ್ಕಿನ ಗೋಡೆಯ ಕೊಳಕ್ಕೆ ಬಾಂಡಿಂಗ್ ಕೂಡ ಬೇಕು: 8 ಗೇಜಿನ ಗಟ್ಟಿ ತಾಮ್ರದ ತಂತಿಯನ್ನು ಕೊಳದ ಸುತ್ತ, ಒಳಗೋಡೆಯಿಂದ 18–24 ಇಂಚು ದೂರದಲ್ಲಿ, 4–6 ಇಂಚು ಆಳಕ್ಕೆ ಹೂಳಿ ಲೋಹದ ಭಾಗಗಳಿಗೆಲ್ಲ ಸೇರಿಸಬೇಕು. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ತಪಾಸಣೆಗೆ ಮುಂಚೆ ಮಣ್ಣು ಮುಚ್ಚಿದರೆ ಮತ್ತೆ ಅಗೆಸುತ್ತಾರೆ.

6. ಏಣಿ, ಪಟ್ಟಿ. ಈಜು ಮುಗಿದೊಡನೆ ಏಣಿ ತೆಗೆದು ಒಳಗಿಡಿ. ಗೋಡೆಗೆ ತಾಗಿ ಪಂಪು, ಕುರ್ಚಿ, ಐಸ್‌ಬಾಕ್ಸ್ ಇಟ್ಟರೆ ಅವೂ ಮೆಟ್ಟಿಲೇ. ಫ್ರೇಮ್ ಪೂಲಿನ ಕಾಲುಗಳ ಹೊರಬದಿಯಲ್ಲಿ ಸುತ್ತಿ ಬಿಗಿದಿರುವ ಪಟ್ಟಿಯನ್ನು ವಿಶೇಷವಾಗಿ ನೋಡಿ. ಅದರ ಮೇಲೆ ಕಾಲಿಟ್ಟು ಪುಟ್ಟ ಮಕ್ಕಳು ಹತ್ತಬಲ್ಲರು. ಮಕ್ಕಳ ಸಾವುಗಳ ಬಳಿಕ, 48 ಇಂಚು ಮತ್ತು ಮೇಲ್ಪಟ್ಟ ಎತ್ತರದ ಇಂಥ ಸುಮಾರು 50 ಲಕ್ಷ ಕೊಳಗಳಿಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2025ರ ಜುಲೈನಲ್ಲಿ ರೀಕಾಲ್ ಪ್ರಕಟಿಸಿತು. ತಯಾರಕರು ಬಿಟ್ಟಿಯಾಗಿ ಕೊಡುವ ಹಗ್ಗವನ್ನು ಪ್ರತಿ ಕಾಲಿಗೂ ಸುತ್ತಿ ಬಿಗಿದ ನಂತರವೇ ಹಳೆಯ ಪಟ್ಟಿಯನ್ನು ಕತ್ತರಿಸಬೇಕು. ನೀರು ತುಂಬಿರುವಾಗ ಮೊದಲೇ ಪಟ್ಟಿ ಕತ್ತರಿಸಿದರೆ ಕಾಲುಗಳ ಹಿಡಿತ ತಪ್ಪುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ ಕೊಳ್ಳುವವರು ಮಾಡೆಲ್ ನಂಬರನ್ನು ಆಯೋಗದ ಪಟ್ಟಿಯೊಂದಿಗೆ ತಾಳೆ ನೋಡಿಯೇ ದುಡ್ಡು ಕೊಡಿ.

7. ಅಂತಿಮ ತಪಾಸಣೆ. ಇನ್‌ಸ್ಪೆಕ್ಟರ್ ಗೇಟನ್ನು ತೆರೆದು ಕೈಬಿಡುತ್ತಾರೆ. ಚಿಲಕ ತಾನಾಗಿ ಬೀಳದಿದ್ದರೆ ಪರ್ಮಿಟ್ ಕಾರ್ಡಿಗೆ ಸಹಿ ಸಿಗುವುದಿಲ್ಲ. ಹಿಂದಿನ ದಿನವೇ ಗೇಟನ್ನು ಅರ್ಧ, ಕಾಲು, ಒಂದು ಗೇಣು ತೆರೆದು ಬಿಟ್ಟು ನೋಡಿ. ಗೇಣಿನಷ್ಟು ತೆರೆದಾಗ ಅರ್ಧಕ್ಕೇ ನಿಂತರೆ ಕೀಲಿನ ಸ್ಪ್ರಿಂಗ್ ಬಿಗಿ ಮಾಡಬೇಕು.